ಒಂದೇ ಜಿಲ್ಲೆ, ಎರಡು ಟಿಕೆಟ್: ಕರಾವಳಿಯ ಖಾಸಗಿ ಬಸ್ಸು ಮತ್ತು ಶಕ್ತಿ ಯೋಜನೆ

ಮಂಗಳೂರಿನ ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಇಬ್ಬರು ಹೆಂಗಸರು ಕೆಲಸಕ್ಕಿದ್ದಾರೆ. ಒಬ್ಬರು ಮಾಣಿ ಕಡೆಯವರು, ಇನ್ನೊಬ್ಬರು ಕಿನ್ನಿಗೋಳಿ ಕಡೆಯವರು. ದೂರ ಹೆಚ್ಚುಕಡಿಮೆ ಅಷ್ಟೇ, ಸಂಬಳವೂ ಅಷ್ಟೇ. ಮಾಣಿಯವರು ಪುತ್ತೂರಿನಿಂದ ಬರುವ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿ, ಆಧಾರ್ ತೋರಿಸಿ, ಶೂನ್ಯ ಟಿಕೆಟ್ ಪಡೆದು ಜ್ಯೋತಿ ಸ್ಟಾಪಿನಲ್ಲಿ ಇಳಿಯುತ್ತಾರೆ. ಕಿನ್ನಿಗೋಳಿಯವರು ಖಾಸಗಿ ಬಸ್ಸಿನಲ್ಲಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬರುತ್ತಾರೆ. ಬರುವಾಗಲೂ ದುಡ್ಡು, ಹೋಗುವಾಗಲೂ ದುಡ್ಡು.

ಶಕ್ತಿ ಯೋಜನೆ ಶುರುವಾದ ಹೊಸತರಲ್ಲಿ ಅವರು ಕಂಡಕ್ಟರನ್ನು ಕೇಳಿದ್ದರಂತೆ, "ಅಣ್ಣ, ಇದರಲ್ಲಿ ಫ್ರೀ ಇಲ್ವಾ?" ಅಂತ. "ಅದು ಗೌರ್ಮೆಂಟ್ ಬಸ್ಸಿಗೆ ಮಾತ್ರ ಅಕ್ಕ. ನಾವು ಎಂತ ಮಾಡುವುದು?" ಅಂದನಂತೆ ಅವನು. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಇವತ್ತಿಗೂ ಹಾಗೇ ಉಳಿದಿದೆ.

ಒಂದು ಕಡೆಗೆ 40 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ತಿಂಗಳಿಗೆ 25 ದಿನ ಕೆಲಸ ಅಂದರೆ 2,000 ರೂಪಾಯಿ ಆಯಿತು. ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಬರುವುದೂ ಅಷ್ಟೇ. ಅಂದರೆ ಸರ್ಕಾರ ಒಂದು ಕೈಯಲ್ಲಿ ಕೊಟ್ಟ ದುಡ್ಡು ಪೂರ್ತಿ ಇವರ ಬಸ್ಸಿಗೇ ಹೋಗುತ್ತದೆ. ಮಾಣಿಯವರಿಗೆ ಅದು ಕೈಯಲ್ಲೇ ಉಳಿಯುತ್ತದೆ. ಇಬ್ಬರೂ ಅದೇ ರಾಜ್ಯ ಸರ್ಕಾರಕ್ಕೆ ತೆರಿಗೆ ಕೊಡುವವರು, ಒಂದೇ ಜಿಲ್ಲೆಯವರು. ವ್ಯತ್ಯಾಸ ಒಂದೇ: ಅವರ ಊರಿನ ರಸ್ತೆಯಲ್ಲಿ ಓಡುವ ಬಸ್ಸಿನ ಮಾಲೀಕರು ಯಾರು ಅನ್ನುವುದು.

ಈ ಪ್ರಕರಣವನ್ನು ನಾನು ಮುಕ್ತ ಮಾರುಕಟ್ಟೆ ಮತ್ತು ಮಿತ ಸರ್ಕಾರದ ಪರ ಇರುವವನಾಗಿ ನೋಡುತ್ತಿದ್ದೇನೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ "ಖಾಸಗಿಯವರು ಒಳ್ಳೆಯವರು, ಸರ್ಕಾರ ಕೆಟ್ಟದ್ದು" ಅನ್ನುವ ಸುಲಭದ ಮಾತು ಇಲ್ಲಿ ನಡೆಯುವುದಿಲ್ಲ. ಕರಾವಳಿಯ ಬಸ್ಸುಗಳು ಖಾಸಗಿ ಹೌದು, ಮುಕ್ತ ಅಲ್ಲ.

ಈ ಸ್ಥಿತಿ ಬಂದದ್ದು ಹೇಗೆ

ಇದರ ಬೇರು ರಾಜ್ಯಗಳ ಗಡಿಯಲ್ಲಿದೆ. ಹಳೆ ಮೈಸೂರು ಸಂಸ್ಥಾನ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರು ಮಾಡಿತು. ಆಗ ದಕ್ಷಿಣ ಕನ್ನಡ ಮೈಸೂರಿನಲ್ಲಿ ಇರಲೇ ಇಲ್ಲ, ಮದ್ರಾಸಿಗೆ ಸೇರಿತ್ತು. ಇಲ್ಲಿ ಸಿಪಿಸಿ, ಹನುಮಾನ್, ಶಂಕರ್ ವಿಠಲ್ ಅಂತ ಖಾಸಗಿ ಕಂಪನಿಗಳು ಬಸ್ಸು ಓಡಿಸುತ್ತಿದ್ದವು. ಹಳೆ ತಲೆಮಾರಿನವರ ಬಾಯಲ್ಲಿ ಈ ಹೆಸರುಗಳು ಈಗಲೂ ಇವೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬರುವಾಗ ಖಾಸಗಿ ಬಸ್ಸಿನ ವ್ಯವಸ್ಥೆ ಗಟ್ಟಿಯಾಗಿ ಬೇರೂರಿತ್ತು. ಆಮೇಲೆ ಕೆಲವು ಮಾರ್ಗಗಳು ಸರ್ಕಾರಿ ಸಾರಿಗೆಗೆ ಹೋದವು. ಪುತ್ತೂರು, ಸುಳ್ಯ, ಧರ್ಮಸ್ಥಳದ ಕಡೆ ಕೆಎಸ್‌ಆರ್‌ಟಿಸಿ ಜೋರು. ಮೂಡುಬಿದಿರೆ, ಕಾರ್ಕಳ, ಕಿನ್ನಿಗೋಳಿ, ಉಡುಪಿ, ಕುಂದಾಪುರದ ಕಡೆ ಖಾಸಗಿಯೇ ಜಾಸ್ತಿ.

ಇದೇ ಊರಿನ ಬ್ಯಾಂಕುಗಳನ್ನು ದಿಲ್ಲಿ ತೆಗೆದುಕೊಂಡಿತು, ಕೆನರಾ ಮತ್ತು ಸಿಂಡಿಕೇಟನ್ನು 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯವನ್ನು 1980ರಲ್ಲಿ. ಅವುಗಳಲ್ಲಿ ಕೆನರಾ ಬ್ಯಾಂಕಿನ ಹೆಸರು ಮಾತ್ರ ಈಗ ಉಳಿದಿದೆ. ಬಸ್ಸುಗಳು ಉಳಿದುಕೊಂಡವು. ಈ ಜಿಲ್ಲೆಯ ಜನಕ್ಕೆ ಮಾರುಕಟ್ಟೆಯ ಪರ ರಾಜಕೀಯವೂ ಹೊಸತಲ್ಲ. "ಪರ್ಮಿಟ್ ಲೈಸೆನ್ಸ್ ರಾಜ್" ಅಂತ ಟೀಕಿಸಿದ ರಾಜಾಜಿಯವರ ಸ್ವತಂತ್ರ ಪಕ್ಷದಿಂದ ಜೆ.ಎಂ. ಲೋಬೊ ಪ್ರಭು 1967ರಲ್ಲಿ ಉಡುಪಿಯಿಂದಲೇ ಲೋಕಸಭೆಗೆ ಗೆದ್ದಿದ್ದರು.

2023ರ ಜೂನ್ 11ರಂದು ಶಕ್ತಿ ಬಂತು. ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ, ರಾಜ್ಯದೊಳಗೆ, ಮಹಿಳೆಯರಿಗೆ ಉಚಿತ ಪ್ರಯಾಣ. ಶೂನ್ಯ ಟಿಕೆಟ್‌ಗಳ ಲೆಕ್ಕ ನೋಡಿ ಸರ್ಕಾರ ನಿಗಮಕ್ಕೆ ದುಡ್ಡು ಕೊಡಬೇಕು. ಯೋಜನೆ ಬರೆದವರ ಕಣ್ಣ ಮುಂದೆ ಇದ್ದದ್ದು ಬೆಂಗಳೂರು, ಮೈಸೂರು, ಹಾಸನ, ಹುಬ್ಬಳ್ಳಿ ಅಂತ ಕಾಣುತ್ತದೆ. ಅಲ್ಲೆಲ್ಲ ಬಸ್ಸು ಅಂದರೆ ಸರ್ಕಾರಿ ಬಸ್ಸು. ಕರಾವಳಿಯಲ್ಲಿ ಹಾಗಲ್ಲ ಅನ್ನುವುದು ಯೋಜನೆಯೊಳಗೆ ಬರಲೇ ಇಲ್ಲ. ಒಕ್ಕೂಟ ವ್ಯವಸ್ಥೆಯ ಮಾತು ಬಂದಾಗ ನಾವು ದಿಲ್ಲಿ ಮತ್ತು ಬೆಂಗಳೂರಿನ ನಡುವಿನ ಜಗಳವನ್ನೇ ನೋಡುತ್ತೇವೆ. ಬೆಂಗಳೂರು ಮತ್ತು ಮಂಗಳೂರಿನ ನಡುವೆಯೂ ಅದೇ ಪ್ರಶ್ನೆ ಇದೆ.

ಅಧಿಕಾರ ಯಾರ ಕೈಯಲ್ಲಿ

ಮೋಟಾರು ವಾಹನ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಈಗಿರುವುದು ಕೇಂದ್ರದ 1988ರ ಕಾಯ್ದೆ. ವಾಹನ ತೆರಿಗೆ ರಾಜ್ಯದ್ದು, ಸೀಟು ಲೆಕ್ಕ ಹಾಕಿ ಮೂರು ತಿಂಗಳಿಗೊಮ್ಮೆ ಕಟ್ಟಬೇಕು. ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿದೆ, ಹಾಗಾಗಿ ಅದರ ಮೇಲೆ ಕೇಂದ್ರವೂ ರಾಜ್ಯವೂ ಬೇರೆ ಬೇರೆ ತೆರಿಗೆ ಹಾಕುತ್ತವೆ. ಬಸ್ ದರ ರಾಜ್ಯ ಹೇಳಿದ್ದೇ. ಪರ್ಮಿಟ್ ಕೊಡುವುದು ಜಿಲ್ಲೆಯ ಸಾರಿಗೆ ಪ್ರಾಧಿಕಾರ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಅಲ್ಲಿ ಸೋತವರು ಬೆಂಗಳೂರಿನ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುತ್ತಾರೆ.

ಎರಡು ಬಸ್ಸು ಇಟ್ಟುಕೊಂಡ ಮಾಲೀಕರ ಜಾಗದಲ್ಲಿ ನಿಂತು ನೋಡಿ. ಡೀಸೆಲ್ ಬೆಲೆ ಅವರ ಕೈಯಲ್ಲಿಲ್ಲ, ಟಿಕೆಟ್ ದರ ಇಲ್ಲ, ಬಿಡುವ ಟೈಮೂ ಇಲ್ಲ. ಕೈಯಲ್ಲಿರುವುದು ಕಲೆಕ್ಷನ್ ಒಂದೇ. ಅದಕ್ಕೇ ಮುಂದಿನ ಬಸ್ಸನ್ನು ಹಿಂದೆ ಹಾಕುವ ಓಟ. ಪಡುಬಿದ್ರಿ, ಕಾಪು, ಕಟಪಾಡಿಯ ಸ್ಟಾಪುಗಳಲ್ಲಿ ನಿಂತವರಿಗೆ ಈ ಓಟ ಗೊತ್ತು. ಟೈಮ್ ಕೀಪರ್ ವಾಚು ನೋಡಿ ಕೂಗುತ್ತಾನೆ, ಕಂಡಕ್ಟರ್ ಫುಟ್‌ಬೋರ್ಡಿನಲ್ಲೇ ನಿಂತು "ಬಲೆ ಬಲೆ" (ತುಳುವಿನಲ್ಲಿ ಬನ್ನಿ ಬನ್ನಿ) ಅನ್ನುತ್ತಾನೆ, ಅಜ್ಜಿಯ ಎರಡನೇ ಕಾಲು ಮೇಲೆ ಬರುವ ಮೊದಲೇ "ರೈಟ್ ಪೋಯಿ" (ಹೋಗೋಣ). ರಾತ್ರಿ ಎಂಟರ ಮೇಲೆ ಜನ ಕಡಿಮೆ ಅಂತ ಟ್ರಿಪ್ ಕಟ್. ಕಿನ್ನಿಗೋಳಿಯ ಅಕ್ಕನಿಗೆ ಟಿಕೆಟ್ ದುಡ್ಡಿಗಿಂತ ದೊಡ್ಡ ಚಿಂತೆ ಇದೇ. ದೀಪಾವಳಿ ಸಮಯದಲ್ಲಿ ಅಂಗಡಿ ಮುಚ್ಚುವುದು ತಡ ಆದರೆ ಲಾಸ್ಟ್ ಬಸ್ಸು ಬರುತ್ತದೋ ಇಲ್ಲವೋ ಅಂತ.

ಇದನ್ನೆಲ್ಲ ತೋರಿಸಿ "ನೋಡಿ, ಮಾರುಕಟ್ಟೆ ಸೋತಿದೆ" ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ದರ ಕಟ್ಟಿಹಾಕಿ, ಪ್ರವೇಶ ಕಟ್ಟಿಹಾಕಿ, ಪೈಪೋಟಿಗೆ ರಸ್ತೆಯ ಮೇಲಿನ ಎರಡು ನಿಮಿಷ ಮಾತ್ರ ಬಿಟ್ಟರೆ ಇಂಥದ್ದೇ ಪೈಪೋಟಿ ಹುಟ್ಟುತ್ತದೆ.

ಪರ್ಮಿಟ್ ಎಂಬ ಬಾಗಿಲು

1988ರ ಕಾಯ್ದೆಯ 80ನೇ ಕಲಂ ಹೇಳುವುದು ಇಷ್ಟು: ಪರ್ಮಿಟ್ ಕೇಳಿ ಅರ್ಜಿ ಬಂದರೆ ಪ್ರಾಧಿಕಾರ ಸಾಮಾನ್ಯವಾಗಿ ಇಲ್ಲ ಅನ್ನಬಾರದು. ಹಳೆಯ 1939ರ ಕಾಯ್ದೆಯ ಬಿಗಿ ಇದರಲ್ಲಿಲ್ಲ. ಆಗ ದೇಶದ ಹಲವೆಡೆ ಹಳೆ ಬಸ್ ಮಾಲೀಕರು ಕೋರ್ಟಿಗೆ ಹೋದರು, ಹೊಸಬರಿಗೆ ಹೀಗೆ ಸಲೀಸಾಗಿ ಪರ್ಮಿಟ್ ಕೊಟ್ಟರೆ ನಾವು ಹಾಳಾಗುತ್ತೇವೆ ಅಂತ. 1991ರಲ್ಲಿ ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪೈಪೋಟಿ ಬಂದರೆ ಪ್ರಯಾಣಿಕರಿಗೆ ಒಳ್ಳೆಯದು, ಅದನ್ನು ತಡೆಯುವ ಹಕ್ಕು ಹಳಬರಿಗಿಲ್ಲ ಅನ್ನುವುದು ಆ ತೀರ್ಪಿನ ಒಟ್ಟು ಅರ್ಥ.

ಅದೇ ಕಾಯ್ದೆಯ ಆರನೇ ಅಧ್ಯಾಯ ಮಾತ್ರ ಪೂರ್ತಿ ಎದುರು ದಿಕ್ಕು. ರಾಜ್ಯ ಸರ್ಕಾರ ಒಂದು ಮಾರ್ಗವನ್ನು ಅಧಿಸೂಚನೆ ಹೊರಡಿಸಿ ತನ್ನ ನಿಗಮಕ್ಕೆ ಮಾತ್ರ ಮೀಸಲಿಡಬಹುದು. ಉದ್ಯೋಗ ಮಾಡುವ ಹಕ್ಕನ್ನು ಹೀಗೆ ಬದಿಗಿಟ್ಟು ಸರ್ಕಾರವೇ ಏಕಸ್ವಾಮ್ಯ ನಡೆಸಲು 1951ರ ಮೊದಲನೇ ತಿದ್ದುಪಡಿ ದಾರಿ ಮಾಡಿಕೊಟ್ಟಿತ್ತು. ಅಂದರೆ ಒಂದೇ ಪುಸ್ತಕದಲ್ಲಿ ಒಂದು ಪುಟ ಬಾಗಿಲು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಪುತ್ತೂರು ಕಡೆಯ ಜನಕ್ಕೆ ಒಂದು ಪುಟ, ಕಾರ್ಕಳ ಕಡೆಯವರಿಗೆ ಇನ್ನೊಂದು.

ಈಗ ನಮ್ಮವರ ಬಗ್ಗೆಯೂ ಹೇಳಬೇಕು. ಖಾಸಗಿ ಬಸ್ಸಿನ ಪ್ರದೇಶದಲ್ಲಿ ಹೊಸ ಪರ್ಮಿಟ್ ಸುಲಭಕ್ಕೆ ಸಿಗುತ್ತದಾ? ಕೆಎಸ್‌ಆರ್‌ಟಿಸಿ ಬರಲಿ, ಇನ್ನೊಬ್ಬ ಖಾಸಗಿಯವರೇ ಬರಲಿ, ಇರುವವರ ಆಕ್ಷೇಪಣೆ ಬರುತ್ತದೆ. ಟೈಮಿಂಗ್ ಹೊಂದುವುದಿಲ್ಲ, ರಸ್ತೆ ಸಣ್ಣದು, ಈಗಿರುವ ಬಸ್ಸುಗಳೇ ಸಾಕು, ಹೀಗೆ. ಒಂದೊಂದು ಅರ್ಜಿ ಎಳೆದಾಡಿ ಎಷ್ಟೋ ಕಾಲ ಹೋಗುತ್ತದೆ. ಸರ್ಕಾರಿ ಏಕಸ್ವಾಮ್ಯವನ್ನು ಬೈಯುವ ನಾವು ಇಲ್ಲಿ ಸುಮ್ಮನಿದ್ದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಕೆಎಸ್‌ಆರ್‌ಟಿಸಿಗೂ ಕಾರ್ಕಳ ಮಾರ್ಗದಲ್ಲಿ ಬಸ್ಸು ಹಾಕಲು ಬಿಡಬೇಕು. ಖಾಸಗಿಯವರಿಗೂ ಪುತ್ತೂರು ಮಾರ್ಗದಲ್ಲಿ ಬಿಡಬೇಕು.

ಅಮೆರಿಕದ ಒಂದು ಪ್ರಕರಣ ಇಲ್ಲಿ ಬಹಳ ಹತ್ತಿರ ಬರುತ್ತದೆ. ಒಕ್ಲಹೋಮ ರಾಜ್ಯ ಐಸ್ ಮಾರಾಟಕ್ಕೆ ಪರ್ಮಿಟ್ ಬೇಕು ಅಂತ ಕಾನೂನು ಮಾಡಿತ್ತು. ಊರಿಗೆ ಇನ್ನೊಂದು ಐಸ್ ಅಂಗಡಿ ಅಗತ್ಯ ಅಂತ ತೋರಿಸಿದರೆ ಮಾತ್ರ ಪರ್ಮಿಟ್. 1932ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು, ದಿನದ ವ್ಯಾಪಾರಕ್ಕೆ ಹೊಸಬರು ಬಾರದಂತೆ ರಾಜ್ಯ ಬಾಗಿಲು ಹಾಕಬಾರದು ಅಂತ. ನ್ಯಾಯಮೂರ್ತಿ ಬ್ರಾಂಡೈಸ್ ಒಪ್ಪಲಿಲ್ಲ. ಒಂದು ರಾಜ್ಯ ಪ್ರಯೋಗಶಾಲೆಯಂತೆ ಹೊಸದನ್ನು ಮಾಡಿ ನೋಡಲಿ, ಉಳಿದ ದೇಶಕ್ಕೆ ಅದರಿಂದ ಅಪಾಯವಿಲ್ಲ ಅಂದರು. ಒಕ್ಕೂಟದ ಪರ ಮಾತನಾಡುವವರೆಲ್ಲ ಬ್ರಾಂಡೈಸರ ಮಾತನ್ನೇ ಎತ್ತುತ್ತಾರೆ. ಅದು ಪರ್ಮಿಟ್ ವ್ಯವಸ್ಥೆಯನ್ನು ಉಳಿಸಲು ಆಡಿದ ಮಾತು ಅನ್ನುವುದನ್ನು ಮರೆಯುತ್ತಾರೆ. ರಾಜ್ಯಕ್ಕೆ ಸ್ವಾತಂತ್ರ್ಯ ಬೇಕು, ಹೌದು. ಆದರೆ ರಾಜ್ಯದ ಸ್ವಾತಂತ್ರ್ಯ ಮತ್ತು ಜನರ ಸ್ವಾತಂತ್ರ್ಯ ಯಾವಾಗಲೂ ಒಂದೇ ಕಡೆ ನಿಲ್ಲುವುದಿಲ್ಲ. ನಾನು ಈ ಪ್ರಕರಣದಲ್ಲಿ ಹೊಸದಾಗಿ ಐಸ್ ಮಾರಲು ಬಂದವನ ಜೊತೆ ನಿಲ್ಲುತ್ತೇನೆ.

ಮೂರು ದಾರಿ

ಮೊದಲನೆಯದು, ಕರಾವಳಿಗೂ ಬೇಕಾದಷ್ಟು ಕೆಎಸ್‌ಆರ್‌ಟಿಸಿ ಬಸ್ಸು ಹಾಕುವುದು. ಕೇಳಲು ಸರಳ. ಬಸ್ಸು, ಡಿಪೋ, ಸಿಬ್ಬಂದಿ ಎಲ್ಲ ಹೊಸದಾಗಿ ಬೇಕು, ಖಾಸಗಿ ಬಸ್ಸು ಈಗಾಗಲೇ ಓಡುತ್ತಿರುವ ರಸ್ತೆಗೇ. ನಿಗಮಗಳು 2025ರ ಜನವರಿ 5ರಿಂದ ದರವನ್ನು ಶೇಕಡಾ 15 ಏರಿಸಬೇಕಾಯಿತು. ಇರುವ ಬಸ್ಸು ನಡೆಸುವುದೇ ಕಷ್ಟ ಇರುವಾಗ ಇನ್ನಷ್ಟು ಹೊರೆ ಯಾಕೆ? ಬಂದರೆ ಬರಲಿ, ತಡೆಯಬಾರದು. ಅದನ್ನೇ ಪರಿಹಾರ ಅಂತ ಕಾಯುತ್ತಾ ಕೂರುವುದು ಸರಿಯಲ್ಲ.

ಎರಡನೆಯದು, ಖಾಸಗಿ ಬಸ್ಸಿನವರೂ ಮಹಿಳೆಯರನ್ನು ಉಚಿತವಾಗಿ ಕರೆದೊಯ್ಯಲಿ ಅಂತ ಆದೇಶ ಹೊರಡಿಸುವುದು. ಇದರ ಒಂದು ರೂಪ ನೋಡಲು ತಲಪಾಡಿ ದಾಟಿದರೆ ಸಾಕು. ಕೇರಳದಲ್ಲಿ ಖಾಸಗಿ ಬಸ್ಸುಗಳು ವಿದ್ಯಾರ್ಥಿಗಳಿಗೆ ಕನಿಷ್ಠ ಒಂದು ರೂಪಾಯಿ ದರದಲ್ಲಿ ಟಿಕೆಟ್ ಕೊಡಬೇಕು. ಉಳಿದ ದುಡ್ಡನ್ನು ಸರ್ಕಾರ ಭರಿಸುವುದಿಲ್ಲ. ಪರಿಣಾಮ ಏನು? ಶಾಲೆ ಮಕ್ಕಳು ಸ್ಟಾಪಿನಲ್ಲಿ ಕಂಡರೆ ಬಸ್ಸು ನಿಲ್ಲುವುದಿಲ್ಲ ಅನ್ನುವ ದೂರು ಅಲ್ಲಿ ನಿಂತದ್ದೇ ಇಲ್ಲ. ಸರ್ಕಾರ ಉದಾರವಾಗಿ ಕೊಟ್ಟದ್ದನ್ನು ಮಾಲೀಕರ ಜೇಬಿನಿಂದ ಕೊಡಿಸಿದರೆ, ಯಾರಿಗೆ ಉಪಕಾರ ಆಗಬೇಕೋ ಅವರೇ ಬಸ್ಸಿನವರಿಗೆ ಬೇಡದವರಾಗುತ್ತಾರೆ. ನಮ್ಮಲ್ಲಿ ಹೀಗೆ ಮಾಡಿದರೆ ಕೈ ಅಡ್ಡ ಹಿಡಿದು ನಿಂತ ಹೆಂಗಸರನ್ನು ಬಿಟ್ಟು ಬಸ್ಸು ಮುಂದೆ ಹೋಗುತ್ತದೆ.

ಮೂರನೆಯದು, ದುಡ್ಡನ್ನು ಬಸ್ಸಿಗೆ ಕೊಡದೆ ಪ್ರಯಾಣಿಕರಿಗೆ ಕೊಡುವುದು. ಶಾಲೆಗೆ ಅನುದಾನ ಕೊಡುವ ಬದಲು ಮಗುವಿನ ಹೆಸರಲ್ಲಿ ವೋಚರ್ ಕೊಡಿ ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಹೇಳಿದ ಯೋಚನೆಯೇ ಇದು. ಮಹಿಳೆಯ ಹೆಸರಲ್ಲಿ ಒಂದು ಕಾರ್ಡ್, ತಿಂಗಳಿಗೆ ಇಷ್ಟು ಅಂತ ಅದಕ್ಕೆ ಮೊತ್ತ. ಅವರು ಕೆಎಸ್‌ಆರ್‌ಟಿಸಿಗೆ ಬೇಕಾದರೂ ತೋರಿಸಲಿ, ಖಾಸಗಿ ಬಸ್ಸಿಗೆ ಬೇಕಾದರೂ ತೋರಿಸಲಿ. ಕಂಡಕ್ಟರ್‌ಗೆ ಅವರು ಪೂರ್ತಿ ದುಡ್ಡು ಕೊಡುವ ಗಿರಾಕಿ. ಬಸ್ಸು ನಿಲ್ಲದೆ ಹೋಗುವ ಮಾತೇ ಬರುವುದಿಲ್ಲ.

ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ಮಂಗಳೂರು, ಉಡುಪಿಯ ಖಾಸಗಿ ಬಸ್ಸುಗಳಲ್ಲಿ ಮೊದಲೇ ದುಡ್ಡು ತುಂಬಿಸಿಟ್ಟ ಚಲೋ ಕಾರ್ಡನ್ನು ಮೆಷಿನ್ನಿಗೆ ಹಿಡಿದು ಟಿಕೆಟ್ ತೆಗೆಯುವುದನ್ನು ಜನ ಆಗಲೇ ಕಲಿತಿದ್ದಾರೆ. ನೇರ ಹಣ ಕೊಡುವುದೂ ಈ ಸರ್ಕಾರಕ್ಕೆ ಹೊಸತಲ್ಲ. 2023ರಲ್ಲಿ ಕೇಂದ್ರ ತನ್ನ ದಾಸ್ತಾನಿನ ಅಕ್ಕಿಯನ್ನು ರಾಜ್ಯಗಳಿಗೆ ಮಾರುವುದಿಲ್ಲ ಅಂದಾಗ, ಅನ್ನಭಾಗ್ಯದ ಹೆಚ್ಚುವರಿ 5 ಕೆಜಿಯ ಬದಲು ಕೆಜಿಗೆ 34ರಂತೆ ತಲೆಗೆ 170 ರೂಪಾಯಿಯನ್ನು ಕರ್ನಾಟಕ ಖಾತೆಗೇ ಹಾಕಿತ್ತು. ಅಕ್ಕಿಗೆ ಆಗಿದ್ದು ಬಸ್ಸಿಗೆ ಯಾಕಾಗಬಾರದು? ಖಾಸಗಿ ಬಸ್ಸಿನಲ್ಲಿ ಸರ್ಕಾರದ ದುಡ್ಡಲ್ಲಿ ಮಹಿಳೆಯರು ಓಡಾಡುವುದಕ್ಕೂ ಉದಾಹರಣೆ ಇದೆ. ದಿಲ್ಲಿಯಲ್ಲಿ 2019ರ ಅಕ್ಟೋಬರಿನಲ್ಲಿ ಉಚಿತ ಪ್ರಯಾಣ ಶುರುವಾದಾಗ, ಖಾಸಗಿಯವರು ಒಪ್ಪಂದದ ಮೇಲೆ ಓಡಿಸುವ ಕ್ಲಸ್ಟರ್ ಬಸ್ಸುಗಳೂ ಅದರಲ್ಲಿ ಸೇರಿದ್ದವು.

ಮೋಸ ಆಗುವುದಿಲ್ಲವಾ? ಆಗಬಹುದು. ಇಲ್ಲದ ಪ್ರಯಾಣಿಕರ ಲೆಕ್ಕ ಬರೆದು ಬಿಲ್ಲು ಹಾಕುವ ಮಾಲೀಕರು ಇರಬಹುದು. ತಿಂಗಳ ಮೊತ್ತಕ್ಕೆ ಮಿತಿ ಇಟ್ಟರೆ, ಕಾರ್ಡ್ ಮಹಿಳೆಯರ ಕೈಯಲ್ಲೇ ಇದ್ದರೆ, ಆ ದಾರಿ ಬಹಳ ಮಟ್ಟಿಗೆ ಮುಚ್ಚುತ್ತದೆ. ತನ್ನ ದುಡ್ಡು ಸುಮ್ನೆ ಹೋದರೆ ಮೊದಲು ಜಗಳಕ್ಕೆ ನಿಲ್ಲುವವರು ಅವರೇ. ನನಗೆ ಹೆಚ್ಚು ಭಯ ಇರುವುದು ಬಾಕಿಯದ್ದು. ಸರ್ಕಾರ ತಡ ಮಾಡಿದರೆ ದೊಡ್ಡ ನಿಗಮ ಹೇಗೋ ತಡೆದುಕೊಳ್ಳುತ್ತದೆ. ಬ್ಯಾಂಕ್ ಕಂತು ಕಟ್ಟುವ ಎರಡು ಬಸ್ಸಿನ ಮಾಲೀಕರಿಗೆ ಆಗುವುದಿಲ್ಲ. ಅದಕ್ಕೇ ಬಿಲ್ಲು ಕಳಿಸಿ ಕಾಯುವ ಪದ್ಧತಿ ಬೇಡ. ಮೊದಲೇ ಕಾರ್ಡಿಗೆ ತುಂಬಿದ ದುಡ್ಡು, ಹತ್ತಿದ ಕೂಡಲೇ ಮಾಲೀಕರಿಗೆ ಹೋಗಬೇಕು.

ಉಚಿತವೇ ಬೇಡ ಅನ್ನುವ ನನ್ನ ಕೆಲವು ಗೆಳೆಯರು ಇದನ್ನು ಒಪ್ಪುವುದಿಲ್ಲ. ಮಿತ ಸರ್ಕಾರ ಅಂದರೆ ಕೊಡುವುದನ್ನೇ ನಿಲ್ಲಿಸುವುದು ಅನ್ನುತ್ತಾರೆ. ಕೊಡಬೇಕೋ ಬೇಡವೋ ಅನ್ನುವುದನ್ನು ಜನ ಮತ ಹಾಕಿ ತೀರ್ಮಾನಿಸುತ್ತಾರೆ. ಕೊಡುವುದು ಅಂತಾದ ಮೇಲೆ, ಆ ದುಡ್ಡು ಒಬ್ಬ ಮಾಲೀಕನ ಬಸ್ಸನ್ನು ಮಾತ್ರ ಹಿಂಬಾಲಿಸಬಾರದು ಅನ್ನುವುದೂ ಮಿತ ಸರ್ಕಾರದ ಮಾತೇ ಅಲ್ವಾ? ಎರಡೂ ಬಸ್ಸು ಓಡುವ ಬಿ.ಸಿ. ರೋಡ್ ಕಡೆಯ ಮಾರ್ಗದಲ್ಲಿ ನೋಡಿ. ಒಬ್ಬರ ಟಿಕೆಟ್‌ಗೆ ಖಜಾನೆಯ ದುಡ್ಡು, ಇನ್ನೊಬ್ಬರದ್ದಕ್ಕೆ ಇಲ್ಲ. ಇದು ಪೈಪೋಟಿಯೇ ಅಲ್ಲ.

ಲಾಸ್ಟ್ ಬಸ್ಸಿನ ಪ್ರಶ್ನೆ

ಕಾರ್ಡ್ ಬಂದರೂ ರಾತ್ರಿಯ ಟ್ರಿಪ್ ಬರುವುದಿಲ್ಲ. ಇಲ್ಲಿ ಮಾರುಕಟ್ಟೆ ತಾನಾಗಿ ಎಲ್ಲ ಸರಿ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಬ್ರಿಟನ್ 1986ರ ಅಕ್ಟೋಬರಿನಲ್ಲಿ ಲಂಡನ್ ಬಿಟ್ಟು ಉಳಿದ ಕಡೆ ಬಸ್ಸುಗಳನ್ನು ಮುಕ್ತ ಮಾಡಿತು. ಲಾಭದ ಮಾರ್ಗಗಳಲ್ಲಿ ಬಸ್ಸಿನ ಹಿಂದೆ ಬಸ್ಸು ಬಂತು, ಉಳಿದ ಕಡೆ ತೊಂದರೆ ಆಯಿತು. ಮ್ಯಾಂಚೆಸ್ಟರ್ 2023ರಿಂದ ಮತ್ತೆ ಮಾರ್ಗಗಳನ್ನು ಸಾರ್ವಜನಿಕ ಹಿಡಿತಕ್ಕೆ ತಂದು, ಓಡಿಸುವ ಕೆಲಸವನ್ನು ಕಂಪನಿಗಳಿಗೆ ಗುತ್ತಿಗೆ ಕೊಟ್ಟಿದೆ. ಮುಕ್ತ ಮಾರುಕಟ್ಟೆಯವರು ಇದನ್ನು ಮುಚ್ಚಿಡಬಾರದು. ಆದರೆ 1986ರ ಆ ವ್ಯವಸ್ಥೆಯಲ್ಲೇ ಒಂದು ಒಳ್ಳೆಯ ಅಂಶ ಇತ್ತು. ಯಾರೂ ಓಡಿಸದ, ಜನಕ್ಕೆ ಬೇಕಾದ ಟ್ರಿಪ್ಪುಗಳನ್ನು ಸ್ಥಳೀಯ ಕೌನ್ಸಿಲ್ ಟೆಂಡರ್ ಕರೆದು ಕೊಳ್ಳಬಹುದಿತ್ತು.

ನಮ್ಮ ದೇಶದಲ್ಲೂ ವಿಮಾನಕ್ಕೆ ಇದೇ ಇದೆ. ಉಡಾನ್ ಯೋಜನೆಯಲ್ಲಿ ಕಡಿಮೆ ಸಹಾಯಧನ ಕೇಳಿದ ಕಂಪನಿಗೆ ಮಾರ್ಗ ಸಿಗುತ್ತದೆ. ಸ್ಟೇಟ್‌ಬ್ಯಾಂಕಿನಿಂದ ರಾತ್ರಿ ಒಂಬತ್ತೂವರೆಗೆ ಕಿನ್ನಿಗೋಳಿಗೆ ಹೊರಡುವ ಒಂದು ಟ್ರಿಪ್ಪಿಗೆ ಹಾಗೆ ಟೆಂಡರ್ ಕರೆಯಲು ಏನು ಅಡ್ಡಿ? ಎಷ್ಟು ಕೊಟ್ಟರೆ ಓಡಿಸುತ್ತೀರಿ ಅಂತ ಎಲ್ಲರನ್ನೂ ಕೇಳಲಿ, ಕೆಎಸ್‌ಆರ್‌ಟಿಸಿಯನ್ನೂ ಕೇಳಲಿ. ಕಡಿಮೆ ಕೇಳಿದವರು ಓಡಿಸಲಿ. ಕಟ್ ಮಾಡಿದರೆ ದಂಡ. ಸರ್ಕಾರ ಬಸ್ಸು ಇಟ್ಟುಕೊಳ್ಳಬೇಕಾಗಿಲ್ಲ, ಬೇಕಾದ ಟ್ರಿಪ್ಪನ್ನು ಕೊಂಡರೆ ಸಾಕು.

ಯಾವ ಟ್ರಿಪ್ ಬೇಕು ಅನ್ನುವುದು ಬೆಂಗಳೂರಿನ ಕಚೇರಿಗೆ ಗೊತ್ತಾಗುವುದಿಲ್ಲ. ಹೆಬ್ರಿಯಲ್ಲಿ ಸಂಜೆ ಕಾಲೇಜು ಬಿಟ್ಟ ಮೇಲೆ ಎಷ್ಟು ಜನ ಉಳಿಯುತ್ತಾರೆ, ಮಲ್ಪೆ ಬಂದರಿಗೆ ಬೆಳಗ್ಗಿನ ಜಾವ ಮೀನಿನ ಕೆಲಸದ ಹೆಂಗಸರು ಹೇಗೆ ಬರುತ್ತಾರೆ ಅನ್ನುವುದು ಅಲ್ಲಿಯವರಿಗೇ ಗೊತ್ತು. ಇಂಥ ತಿಳಿವಳಿಕೆ ಜನರ ನಡುವೆ ಹಂಚಿಹೋಗಿರುತ್ತದೆ, ಮೇಲೆ ಕೂತವರ ಕೈಗೆ ಒಟ್ಟಾಗಿ ಸಿಗುವುದಿಲ್ಲ ಅನ್ನುವುದೇ ಅರ್ಥಶಾಸ್ತ್ರಜ್ಞ ಹಾಯೆಕ್ ವಾದ. ಹಾಗಾಗಿ ಟ್ರಿಪ್ ಕೊಳ್ಳುವ ದುಡ್ಡೂ ಅಧಿಕಾರವೂ ಜಿಲ್ಲೆಗೆ ಬರಬೇಕು.

ಎಲ್ಲಿಂದ ಶುರು

ಆರನೇ ಅಧ್ಯಾಯ ತೆಗೆಯಲು ಪಾರ್ಲಿಮೆಂಟ್ ಬೇಕು, ಕಾರ್ಡ್ ಕೊಡಲು ರಾಜ್ಯ ಬಜೆಟ್ ಬೇಕು. ಎರಡಕ್ಕೂ ಸಮಯ ಹಿಡಿಯುತ್ತದೆ. ಅದಕ್ಕೂ ಮೊದಲು ಆಗಬೇಕಾದ ಒಂದು ಸಣ್ಣ ಕೆಲಸ ಇದೆ. ಯಾವ ಮಾರ್ಗದಲ್ಲಿ ಎಷ್ಟು ಪರ್ಮಿಟ್ ಇದೆ, ಯಾರ ಹೆಸರಲ್ಲಿದೆ, ಯಾವ ಟೈಮಿಗೆ ಹೊರಡಬೇಕು ಅನ್ನುವ ಪಟ್ಟಿ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಜನರ ಕಣ್ಣಿಗೆ ಬೀಳಬೇಕು. ಪಟ್ಟಿ ಇದ್ದರೆ ಕಟ್ ಆದ ಟ್ರಿಪ್ ಯಾವುದು ಅಂತ ಕಿನ್ನಿಗೋಳಿಯ ಅಕ್ಕನೇ ಬೊಟ್ಟು ಮಾಡಿ ಹೇಳಬಹುದು. ಖಾಲಿ ಇರುವ ಟೈಮಿಗೆ ಹೊಸಬರು ಅರ್ಜಿ ಹಾಕಬಹುದು. ಪ್ರಾಧಿಕಾರ ಇಲ್ಲ ಅಂದರೆ ಯಾಕೆ ಅಂತ ಕೇಳಬಹುದು. ಇದಕ್ಕೆ ಹೊಸ ಕಾನೂನೂ ಬೇಡ, ಯಾರಾದರೂ ಅರ್ಜಿ ಹಾಕಿ ಕೇಳುವುದೂ ಬೇಡ. ತಾನು ಕೊಟ್ಟ ಪರ್ಮಿಟ್‌ಗಳನ್ನು ಯಾರ್‍ಯಾರು ಪಡೆದಿದ್ದಾರೆ ಅನ್ನುವ ವಿವರವನ್ನು ಪ್ರತಿಯೊಂದು ಸರ್ಕಾರಿ ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ.